ಪೈಪನ್ನು ಸೋಪ್ ನೀರಲ್ಲಿ ನೆನೆಸಬೇಡಿ

ಮಾನ್ಯರೇ,

ಹಳೆ ಸಾಮಾನು ಹೊಳೆಯುವಂತೆ ಮಾಡುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಹಿತ್ತಾಳೆ ದೀಪದ ಮಾತು ಸರಿ. ಆದರೆ ತಂಬಾಕು ಪೈಪನ್ನು ರಾತ್ರಿಯಿಡೀ ಸೋಪ್ ನೀರಲ್ಲಿ ನೆನೆಸಿ ಅಂದಿದ್ದೀರಲ್ಲ, ಅದು ಮಾತ್ರ ಬೇಡ. ನಾನು ಎಸ್ಟೇಟ್ ರೈಟರ್, ಅಂದರೆ ತೋಟದ ಗುಮಾಸ್ತ, ಆಗಿದ್ದಾಗ ತೋಟದ ದೊರೆಯ ಪೈಪುಗಳನ್ನು ಚೊಕ್ಕ ಮಾಡುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು.

ಒಳ್ಳೆ ಪೈಪು ಬ್ರೈಯರ್‌ನದು. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಒಂದು ಪೊದೆಯ ಬುಡದ ಗಂಟು ಅದು. ನೆನೆಸಿದರೆ ಉಬ್ಬಿ ಬಿರುಕು ಬಿಡಬಹುದು. ತಂಬಾಕು ಉರಿದು ಒಳಗೆ ಕಟ್ಟಿದ ಕರಿ ಪದರವನ್ನು ಕೊಳೆ ಅಂತ ಪೂರ್ತಿ ಕೆರೆಯಲೂಬಾರದು. ಮರ ಸುಡದಂತೆ ಕಾಯುವುದೇ ಅದು. ಹೊಸ ಪೈಪಿಗೆ ಮೊದಮೊದಲು ಅರ್ಧದಷ್ಟೇ ತಂಬಾಕು ತುಂಬಿ ನಿಧಾನ ಎಳೆಯುವುದು ಈ ಪದರ ಕೂರಲಿ ಅಂತಲೇ. ಸುಮಾರು 1 ಮಿಲಿಮೀಟರ್ ಸಾಕು. ಜಾಸ್ತಿ ದಪ್ಪವಾದರೆ ಬಿಸಿಗೆ ಹಿಗ್ಗಿ ತಂಬಾಕು ತುಂಬುವ ಬಟ್ಟಲನ್ನೇ ಸೀಳೀತು.

ಪೈಪು ತಣ್ಣಗಾಗುವ ತನಕ ಬಾಯಿಗಿಡುವ ಕೊಳವೆಯನ್ನು ಎಳೆಯಬೇಡಿ, ಸಂದು ಮುರಿಯಬಹುದು. ಆಮೇಲೆ ನೂಲು ಸುತ್ತಿದ ತಂತಿಗೆ ಸ್ವಲ್ಪ ರಮ್ ತಾಗಿಸಿ, ಅದು ಬೆಳ್ಳಗೆ ಹೊರಬರುವ ತನಕ ಹಾಯಿಸಿ. ದೊರೆಯ ರಮ್ಮು ಪೈಪಿಗೆಷ್ಟು, ಬಟ್ಲರ್‌ಗೆಷ್ಟು ಹೋಗುತ್ತಿತ್ತು ಅನ್ನುವುದು ಬೇರೆ ಮಾತು! ಕರಿ ಎಬೊನೈಟ್ (ಗಟ್ಟಿ ರಬ್ಬರ್) ಕೊಳವೆಯನ್ನು ಬಿಸಿಲಲ್ಲಿಟ್ಟರೆ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಬಾಯಿಗೆ ಕಹಿ.

ನಾನು ಸೇದಿದವನಲ್ಲ. ಸೇದಿ ಅಂತಲೂ ಹೇಳುತ್ತಿಲ್ಲ. ಯಾರಾದರೂ ಅಜ್ಜನ ಪೈಪನ್ನು ಬಕೆಟ್ಟಿಗೆ ಹಾಕುವ ಮುಂಚೆ ಒಂದು ತಿದ್ದುಪಡಿ ಹಾಕಿಬಿಡಿ.

– ನಿವೃತ್ತ ಎಸ್ಟೇಟ್ ರೈಟರ್, ಸಿದ್ದಾಪುರ, ಕೊಡಗು