ಡೇರೆ ಗಿಡ ಕೀಳಬೇಡಿ, ಬಾಡಿದ ಹೂ ತೆಗೆಯಿರಿ

ಮಾನ್ಯ ಸಂಪಾದಕರೇ,

ಹೂತೋಟದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಡೇರೆಯ (ಡೇಲಿಯಾ) ಗೆಡ್ಡೆ ನೆಡುವುದನ್ನು ಹೇಳಿ ಅಲ್ಲಿಗೇ ಮುಗಿಯುತ್ತವೆ. ಆದರೆ ಈ ಗಿಡಕ್ಕೆ ಆರೈಕೆ ಬೇಕಾಗುವುದು ಬೇಸಿಗೆಯ ಕೊನೆಗೆ, ಉಳಿದ ಹೂಗಿಡಗಳು ಸೊರಗಿ ಇದು ಮೈತುಂಬ ಅರಳುವ ಹೊತ್ತಿನಲ್ಲಿ. ಮೆಕ್ಸಿಕೋದ ಬೆಟ್ಟಸೀಮೆ ಇದರ ತವರು. ರಾತ್ರಿ ತಂಪಾಗುತ್ತಾ ಬಂದಂತೆ ಹೂವಿನ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಅಷ್ಟರೊಳಗೆ ‘ಹೂ ನಿಂತಿತು’ ಎಂದು ಗಿಡ ಕಿತ್ತುಹಾಕುವವರನ್ನು ಕಂಡರೆ ಸಂಕಟವಾಗುತ್ತದೆ.

ಹೂ ನಿಲ್ಲಲು ಮುಖ್ಯ ಕಾರಣ, ಬಾಡಿದ್ದನ್ನು ಗಿಡದಲ್ಲೇ ಬಿಡುವುದು. ಬೀಜ ಕಟ್ಟತೊಡಗಿದರೆ ಗಿಡದ ಕಸುವೆಲ್ಲ ಅತ್ತ ಹೋಗಿ ಹೊಸ ಮೊಗ್ಗು ಕಡಿಮೆಯಾಗುತ್ತದೆ. ತೊಡಕಿರುವುದು ಗುರುತು ಹಿಡಿಯುವುದರಲ್ಲಿ. ಎಸಳುದುರಿದ ಹೂವಿನ ತಲೆಯೂ ಹೊಸ ಮೊಗ್ಗೂ ದೂರದಿಂದ ಒಂದೇ ಥರ ಹಸಿರು. ಬೆರಳಲ್ಲಿ ಹಿಡಿದು ನೋಡಿ: ಮೊಗ್ಗು ಗುಂಡಗೆ, ಗಟ್ಟಿಯಾಗಿರುತ್ತದೆ, ಮುಗಿದ ಹೂ ತುದಿಗೆ ಚೂಪಾಗಿ, ಹಿಸುಕಿದರೆ ಮೆತ್ತಗಿರುತ್ತದೆ, ಕೆಲವೊಮ್ಮೆ ನೀರೂ ಜಿನುಗುತ್ತದೆ. ಅದರ ಕತ್ತು ಚಿವುಟಿದರೆ ಸಾಲದು. ತೊಟ್ಟಿನಗುಂಟ ಕೆಳಗಿಳಿದು ಎಲೆಜೋಡಿಯ ಮೇಲೆ ಕತ್ತರಿಸಬೇಕು. ಮುಂದಿನ ಕವಲು ಹೊರಡುವುದು ಆ ಎಲೆಗಳ ಬುಡದಿಂದಲೇ. ವಾರಕ್ಕೆ 2 ಬಾರಿಯಾದರೂ ಈ ಕೆಲಸ ಆಗಬೇಕು.

ಕೊಯ್ದ ಮೇಲೆ ಡೇರೆಯ ಮೊಗ್ಗು ಹೂದಾನಿಯಲ್ಲಿ ಅರಳುತ್ತದೆಂದು ನಂಬಬೇಡಿ. ಮುಕ್ಕಾಲು ಅರಳಿದ ಹೂವನ್ನು, ಹಿಂಬದಿಯ ಎಸಳು ಇನ್ನೂ ಬಿಗಿಯಾಗಿರುವಾಗ, ಬೆಳಗಿನ ತಂಪಿನಲ್ಲಿ ಉದ್ದ ತೊಟ್ಟಿನ ಸಮೇತ ಕೊಯ್ಯಿರಿ. ಕವಲಿನ ತುದಿಯಲ್ಲಿ ಸಾಮಾನ್ಯವಾಗಿ 3 ಮೊಗ್ಗು ಒಟ್ಟಿಗೆ ಬರುತ್ತವೆ. ದೊಡ್ಡ ಹೂ ಬೇಕಿದ್ದರೆ ಪಕ್ಕದ ಎರಡನ್ನೂ ಬಟಾಣಿ ಗಾತ್ರದಲ್ಲಿರುವಾಗಲೇ ತೆಗೆಯಿರಿ.

ಈ ಹಂತದಲ್ಲಿ ಯೂರಿಯಾ ಕೊಡುವುದು ದೊಡ್ಡ ತಪ್ಪು. ಸೊಪ್ಪು ಉಕ್ಕುತ್ತದೆ, ಮೊದಲೇ ಟೊಳ್ಳಾದ ಕಾಂಡ ಇನ್ನಷ್ಟು ಎಳಸಾಗಿ ಗಾಳಿಗೆ ಮುರಿಯುತ್ತದೆ. ಪೊಟ್ಯಾಷ್ ಹೆಚ್ಚಿರುವ ದ್ರವಗೊಬ್ಬರ 2 ವಾರಕ್ಕೊಮ್ಮೆ ಸಾಕು. ನೀರನ್ನು ದಿನಾ ಚಿಮುಕಿಸುವ ಬದಲು, ವಾರಕ್ಕೆ 2–3 ಸಲ ಬೇರಿನ ಆಳಕ್ಕೆ ಇಳಿಯುವಂತೆ ಹಾಯಿಸಿ. ಊರುಗೋಲನ್ನು ಗೆಡ್ಡೆಯ ಜೊತೆಗೇ ನೆಡಬೇಕು. ಈಗ ನೆಡುವುದಾದರೆ ಬುಡದಿಂದ 30 ಸೆಂ.ಮೀ. ದೂರವಿರಲಿ; ಗೆಡ್ಡೆಗೆ ಚುಚ್ಚಿದರೆ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

ಒಣ ಬಿಸಿಲಿನಲ್ಲಿ ಗಿಡವನ್ನು ಕಾಡುವ ಶತ್ರು ನುಸಿ (ಮೈಟ್). ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡರೆ ಎಲೆ ಮಗುಚಿ ನೋಡಿ, ಅಡಿಯಲ್ಲಿ ನವಿರಾದ ಬಲೆ ಇರುತ್ತದೆ. ಎಲೆಯಡಿಗೆ ಜೋರಾಗಿ ನೀರು ಹೊಡೆಯುವುದೇ ಮೊದಲ ಮದ್ದು. ಸಿಕ್ಕ ಕೀಟನಾಶಕ ಸಿಂಪಡಿಸಿದರೆ ನುಸಿ ತಿನ್ನುವ ಹುಳುಗಳು ಸತ್ತು ಕಾಟ ಹೆಚ್ಚುತ್ತದೆ. ಬೂದಿರೋಗ ಬರುವ ಮುನ್ನ ಬುಡದ ಎಲೆ ತೆಗೆದು ಗಾಳಿಯಾಡಲು ಬಿಡಿ. ಎಲೆಯ ನರದಗುಂಟ ಹಳದಿ ಪಟ್ಟೆ ಮೂಡಿ ಗಿಡ ಕುಳ್ಳಾಗಿದ್ದರೆ ಅದು ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ, ಆ ಗಿಡವನ್ನು ಮಾತ್ರ ಗೆಡ್ಡೆ ಸಮೇತ ಕೀಳಬೇಕು.

ಉಳಿದ ಗಿಡಗಳು ನಿಲ್ಲಲಿ. ಹಗಲು ಕಿರಿದಾಗುತ್ತಿದ್ದಂತೆ ನೆಲದಡಿ ಗೆಡ್ಡೆ ತುಂಬಿಕೊಳ್ಳುತ್ತದೆ, ಮುಂದಿನ ವರ್ಷದ ಬಂಡವಾಳ ಅದೇ. ಹೂ ಇರುವಾಗಲೇ ಬಣ್ಣ, ಎತ್ತರ ಬರೆದ ಚೀಟಿಯನ್ನು ಕಾಂಡದ ಬುಡಕ್ಕೆ ಕಟ್ಟಿಡಿ. ಅಗೆದ ಮೇಲೆ ಕೆಂಪಿನದು ಯಾವುದು, ಬಿಳಿಯದು ಯಾವುದು ಎಂದು ಗೆಡ್ಡೆ ನೋಡಿ ಹೇಳಲಾಗದು.

– ಹೂತೋಟಾಸಕ್ತ ಓದುಗ