ಸ್ಟಿಕ್‌ಗಳ ಬದಲಾವಣೆ ಮತ್ತು ಹೊಸ ದರದ ಕುರಿತು

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ ಗೇಮ್‌ಪ್ಯಾಡ್‌ನ ಎರಡೂ ಸ್ಟಿಕ್‌ಗಳಲ್ಲಿ ಪೊಟೆನ್ಶಿಯೊಮೀಟರ್ (ಪಟ್ಟಿಯ ಮೇಲೆ ಉಜ್ಜುತ್ತಾ ಸ್ಟಿಕ್‌ನ ಚಲನೆ ಅಳೆಯುವ ಭಾಗ) ಬದಲು ಹಾಲ್ ಸೆನ್ಸರ್ (ಅಯಸ್ಕಾಂತದ ನೆರವಿನಿಂದ ಅದನ್ನು ಅಳೆಯುವ ಭಾಗ) ಇರುತ್ತದೆ. ದರ 350 ರೂಪಾಯಿ ಹೆಚ್ಚಾಗುತ್ತದೆ. ಈ ಹೊರೆಗಾಗಿ, ಅದರಲ್ಲೂ ಪಾಕೆಟ್ ಮನಿ ಕೂಡಿಟ್ಟು ಕೊಳ್ಳುವ ವಿದ್ಯಾರ್ಥಿಗಳಲ್ಲಿ, ಕ್ಷಮೆ ಕೋರುತ್ತೇವೆ. ಬದಲಾವಣೆಯ ಬಗ್ಗೆ ಮಾತ್ರ ನಮಗೆ ಹೆಮ್ಮೆಯಿದೆ.

ಸ್ಟಿಕ್ ಮುಟ್ಟದಿದ್ದರೂ ಆಟದ ಪಾತ್ರ ತಾನಾಗಿ ನಡೆಯತೊಡಗಿದರೆ ಡೆಡ್‌ಝೋನ್ ಹೆಚ್ಚಿಸಿದರಾಯಿತು, ಅದಕ್ಕೇಕೆ ಹೊಸ ಸೆನ್ಸರ್ ಎಂದು ಹಲವರು ಕೇಳುತ್ತಿದ್ದಾರೆ. ಡೆಡ್‌ಝೋನ್ ಎಂದರೆ ನಡುವಿನ ಅಲ್ಪ ಚಲನೆಯನ್ನು ಲೆಕ್ಕಕ್ಕೇ ಹಿಡಿಯದಿರುವುದು. ವಿಂಡೋಸ್ ಆಟಗಳು ಗೇಮ್‌ಪ್ಯಾಡನ್ನು ಓದಿಕೊಳ್ಳುವ ಮೈಕ್ರೋಸಾಫ್ಟ್‌ನ ವ್ಯವಸ್ಥೆಯಾದ ಎಕ್ಸ್‌ಇನ್‌ಪುಟ್‌ನಲ್ಲಿ ಸ್ಟಿಕ್‌ನ ಅಳತೆ ನಡುವಿನಿಂದ ಅಂಚಿಗೆ 32,767ರವರೆಗೆ ಏರುತ್ತದೆ. ಎಡ ಸ್ಟಿಕ್‌ಗೆ ಮೈಕ್ರೋಸಾಫ್ಟ್ ಸೂಚಿಸಿರುವ ಡೆಡ್‌ಝೋನ್ 7,849, ಅಂದರೆ ಹೆಚ್ಚುಕಡಿಮೆ ಕಾಲು ಭಾಗ. ಅದನ್ನೂ ಮೀರಿ ಹಿಗ್ಗಿಸಿದರೆ ರೇಸ್‌ನ ತಿರುವಿನಲ್ಲಿ ಕಾರನ್ನು ಕೂದಲೆಳೆಯಷ್ಟು ಸರಿಸಲು ಬೇಕಾದ ಹಿಡಿತವೇ ತಪ್ಪಿಹೋಗುತ್ತದೆ. ರಿಪೇರಿಗೆ ಬಂದ ಹಳೆಯ ಸ್ಟಿಕ್ ಬಿಚ್ಚಿದರೆ, ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜಿದ ಜಾಡಿನಲ್ಲಿ ಹೊಳೆಯುವ ಗೀರು, ಅಕ್ಕಪಕ್ಕ ಕಪ್ಪು ಪುಡಿ ಕಾಣುತ್ತದೆ. ಪಾತ್ರ ತಾನಾಗಿ ನಡೆಯಲು ಕಾರಣವಾಗುವ ಆ ಸವೆತವನ್ನು ಯಾವ ಸೆಟ್ಟಿಂಗ್ ಕೂಡ ತುಂಬಿಕೊಡಲಾರದು. ಹಾಲ್ ಸೆನ್ಸರ್ ಅಯಸ್ಕಾಂತದ ಚಲನೆಯನ್ನು ತಾಗದೆಯೇ ಅಳೆಯುವುದರಿಂದ ಅಲ್ಲಿ ಸವೆಯುವ ಪಟ್ಟಿಯೇ ಇಲ್ಲ. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟ್ ಎಂಬ ಗೇಮ್ ಕನ್ಸೋಲ್‌ನಲ್ಲೇ ಈ ವಿಧಾನವನ್ನು ಬಳಸಿತ್ತು. ಸ್ಪ್ರಿಂಗ್ ಮಾತ್ರ ಮುಂದೊಂದು ದಿನ ಸಡಿಲವಾಗಬಹುದು, ಅದನ್ನು ಬದಲಿಸಿಕೊಡುತ್ತೇವೆ.

ಹೊರಗಿನಿಂದ ಅದೇ ಪ್ಯಾಡ್, ಲಾಭಕ್ಕಾಗಿ ದರ ಏರಿಸಿದ್ದಾರೆ ಎಂಬ ಮಾತು ನಮಗೆ ನಿಜಕ್ಕೂ ನೋವು ತಂದಿದೆ. ಹೊರಗಿನಿಂದ ಅದೇ ಆಗಿರುವುದು ನಾವು ಅಚ್ಚನ್ನು ಬದಲಿಸದೆ ಇದ್ದುದರಿಂದ. ಉಕ್ಕಿನ ಹೊಸ ಅಚ್ಚು ಮಾಡಿಸಿದ್ದರೆ ದರ ಇನ್ನೂ ಏರುತ್ತಿತ್ತು. ಸೆನ್ಸರ್ ಮಾಡ್ಯೂಲ್ ವಿದೇಶದಿಂದ ಬರುತ್ತದೆ, ಹಣವನ್ನು ಡಾಲರ್‌ನಲ್ಲಿ ಕಟ್ಟಬೇಕು, ಸಾಗಣೆ ಮತ್ತು ಸುಂಕ ಬೇರೆ. ಇದಲ್ಲದೆ ಬೆಸುಗೆಯಾದ ಮೇಲೆ ಪ್ರತಿ ಪ್ಯಾಡನ್ನೂ ನಮ್ಮ ಹುಡುಗಿಯರು ಕಂಪ್ಯೂಟರ್‌ಗೆ ಜೋಡಿಸಿ, ಸ್ಟಿಕ್ಕನ್ನು ಅಂಚಿನುದ್ದಕ್ಕೂ ಸುತ್ತಿಸಿ, ಪರದೆಯ ಮೇಲಿನ ವೃತ್ತ ಎಲ್ಲೂ ಚಪ್ಪಟೆಯಾಗದಂತೆ ಕ್ಯಾಲಿಬ್ರೇಟ್ ಮಾಡುತ್ತಾರೆ, ಅಂದರೆ ಅಳತೆಯನ್ನು ಸರಿಹೊಂದಿಸುತ್ತಾರೆ. ಆ ದುಡಿಮೆಗೆ ತಕ್ಕ ಕೂಲಿ ಕೊಡುವುದರಲ್ಲಿ ನಾವು ಚೌಕಾಸಿ ಮಾಡುವುದಿಲ್ಲ.

ವೈರ್‌ಲೆಸ್ ಮಾದರಿ ಸದ್ಯಕ್ಕಿಲ್ಲ.

ಹಳೆಯ ಪ್ಯಾಡ್ ಇರುವವರು ಆತಂಕಪಡಬೇಕಿಲ್ಲ. ಹೊಸ ಮಾಡ್ಯೂಲ್ ಹಳೆಯ ಬೋರ್ಡಿನ ರಂಧ್ರಗಳಿಗೇ ಕೂರುತ್ತದೆ; ಮಾಡ್ಯೂಲ್‌ನ ಅಸಲು ಬೆಲೆ ಮಾತ್ರ ಪಡೆದು ಜೋಡಿಸಿ, ಕ್ಯಾಲಿಬ್ರೇಟ್ ಮಾಡಿ ಹಿಂದಿರುಗಿಸುತ್ತೇವೆ. ಕಳುಹಿಸುವಾಗ ಯಾವ ಸ್ಟಿಕ್, ಯಾವ ಆಟದಲ್ಲಿ, ಯಾವ ದಿಕ್ಕಿಗೆ ಎಳೆಯುತ್ತದೆ ಎಂದು ಚೀಟಿಯಲ್ಲಿ ಬರೆದಿಡಿ; ಅದನ್ನು ಓದಿಯೇ ಪ್ಯಾಡ್ ಬಿಚ್ಚುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ತಯಾರಿಕೆ ಮತ್ತು ರಿಪೇರಿ ವಿಭಾಗ