ಪರದೇಶಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ವಿಮಾನ ಇಳಿದ ಮೇಲೆ ಎರಡು ಗಂಟೆ ಪಕ್ಕದ ಕೋಣೆಯಲ್ಲಿ ಕೂರಿಸಿದರು, ಕೇಳಿದ್ದನ್ನೇ ಕೇಳಿದರು ಅಂದೆ. "ಕಾಗದ ಎಲ್ಲಾ ಸರಿಯಿತ್ತಮ್ಮ, ಆದರೂ ಕಳ್ಳಿ ಥರ ಅನ್ನಿಸಿತು" ಅಂದಾಗ ನನಗೆ ಮಾತೇ ಹೊರಡಲಿಲ್ಲ.

ರಾತ್ರಿ ನಿದ್ದೆ ಬಾರದೆ ಚಾರ್ಲಿ ಚಾಪ್ಲಿನ್ನನ 'ದಿ ಇಮಿಗ್ರೆಂಟ್' ನೋಡಿದೆ. 1917ರ ಮೂಕಿ ಚಿತ್ರ, ಅರ್ಧ ಗಂಟೆಯೂ ಇಲ್ಲ. ಚಿಕ್ಕವಳಿದ್ದಾಗ ನನ್ನ ತೊಡೆ ಮೇಲೆ ಕೂತು ನೋಡುತ್ತಿದ್ದೆಯಲ್ಲ, ಹಡಗು ಓಲಾಡಿದಾಗೆಲ್ಲ ನೀನೂ ಓಲಾಡುತ್ತಿದ್ದೆ. ಈ ಸಲ ನನಗೆ ನಗು ಬರಲಿಲ್ಲ.

ಅಮೆರಿಕಕ್ಕೆ ಹೊರಟ ವಲಸಿಗರ ಹಡಗಿನಲ್ಲಿ ಒಬ್ಬಳು ಹುಡುಗಿ. ಅವಳ ತಾಯಿಯ ದುಡ್ಡು ಕಳುವಾಗಿದೆ. ಇಸ್ಪೀಟಿನಲ್ಲಿ ಗೆದ್ದದ್ದನ್ನು ಚಾರ್ಲಿ ಸದ್ದಿಲ್ಲದೆ ಅವಳ ಜೇಬಿಗೆ ಹಾಕುತ್ತಾನೆ. ತನಗೂ ಒಂದಿಷ್ಟು ಬೇಕಲ್ಲ ಅಂತ ಸ್ವಲ್ಪ ವಾಪಸ್ ತೆಗೆಯುತ್ತಾನೆ. ಹಡಗಿನ ಅಧಿಕಾರಿ ಬಂದು ಜೇಬುಗಳ್ಳ ಅಂತ ಹಿಡಿಯುತ್ತಾನೆ. ಕೊಟ್ಟ ಕೈ ಅವನಿಗೆ ಕಾಣಲೇ ಇಲ್ಲ, ತೆಗೆದ ಕೈ ಮಾತ್ರ ಕಂಡಿತು. ಗತಿಯಿಲ್ಲದವನನ್ನು ನಾವು ಪರದೇಶಿ ಅನ್ನುತ್ತೇವೆ. ಆ ಮಾತಿನ ಭಾರ ನನಗೆ ಈಗ ತಿಳಿಯಿತು.

ಆಮೇಲೆ ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಾಣುತ್ತದೆ. ಎಲ್ಲರೂ ಆಸೆಯಿಂದ ನೋಡುತ್ತಿರುವಾಗಲೇ ಹಗ್ಗ ಅಡ್ಡ ಕಟ್ಟಿ ಅವರನ್ನು ದನಗಳ ಹಾಗೆ ಒತ್ತರಿಸುತ್ತಾರೆ. ಚಾರ್ಲಿ ಇನ್ನೊಮ್ಮೆ ಪ್ರತಿಮೆಯತ್ತ ತಿರುಗಿ ನೋಡುತ್ತಾನೆ. ಆ ನೋಟದಲ್ಲಿ ಎಲ್ಲವೂ ಇದೆ, ಅಲ್ವಾ?

ಆ ಹಗ್ಗದ ಹಿಂದೆ ನಿಲ್ಲುವುದಕ್ಕೂ ನಮ್ಮವರಿಗೆ ಜಾಗ ಇರಲಿಲ್ಲ ಪುಟ್ಟಿ. ಆ ಚಿತ್ರ ಬಂದ ವರ್ಷವೇ, ಫೆಬ್ರವರಿಯಲ್ಲಿ ಅಮೆರಿಕ ಮಾಡಿದ ಕಾನೂನು ಏಷ್ಯಾದ ಬಹುಪಾಲು ಜನರನ್ನು ಹೊರಗಿಟ್ಟಿತು. ಕೂಲಿ ಮಾಡಿ ಬದುಕಲು ಹೊರಟ ಭಾರತೀಯರಿಗೆ ಬಾಗಿಲು ಮುಚ್ಚಿತು. 1946ರಲ್ಲಿ ತೆರೆದಾಗಲೂ ವರ್ಷಕ್ಕೆ ಬರೀ 100 ಜನಕ್ಕೆ. ಚಾಪ್ಲಿನ್ ಕೂಡ ಲಂಡನ್ನಿನಿಂದ ದುಡಿಯಲು ಹೋದವನೇ. 1952ರಲ್ಲಿ ಅವನು ಹಡಗಿನಲ್ಲಿ ತನ್ನೂರಿಗೆ ಹೊರಟಿದ್ದಾಗ, ಮರಳಿ ಬರುವ ಪರವಾನಗಿಯನ್ನೇ ರದ್ದು ಮಾಡಿದರು. ಮತ್ತೆ ಆ ನೆಲಕ್ಕೆ ಕಾಲಿಟ್ಟಿದ್ದು 1972ರಲ್ಲಿ, 82ರ ವಯಸ್ಸಿನಲ್ಲಿ.

ನೀನು ಏನೋ ತಪ್ಪು ಮಾಡಿದ್ದಕ್ಕೆ ನಿನ್ನನ್ನು ಕೂರಿಸಲಿಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಚಿತ್ರದಲ್ಲಿ ಆ ಹುಡುಗಿ ಜೇಬಿಗೆ ಕೈಹಾಕಿ, ದುಡ್ಡು ನೋಡಿ, ಇವನು ಕಳ್ಳನಲ್ಲ ಅಂತ ಬಿಡಿಸುತ್ತಾಳೆ. ಆ ಕೋಣೆಯಲ್ಲಿ ನಿನ್ನ ಪಕ್ಕ ಅಂಥವರು ಯಾರೂ ಇರಲಿಲ್ಲ ಅನ್ನುವುದೇ ನನ್ನ ಸಂಕಟ. ನಿನ್ನ ಪೆಟ್ಟಿಗೆ ಕಟ್ಟಿದವಳು ನಾನು. ಅದರಲ್ಲಿ ಏನಿತ್ತು ಅಂತ ನನಗೆ ಗೊತ್ತು.

ಇನ್ನೊಂದು ಸಲ ಹಾಗಾದರೆ ಹೊರಗೆ ಬಂದ ತಕ್ಷಣ ಫೋನ್ ಮಾಡು. ಇಲ್ಲಿ ಮಧ್ಯರಾತ್ರಿ ಅಂತ ನೋಡಬೇಡ.

ನಿನ್ನ ಅಮ್ಮ